ಅಪ್ರೆಂಟಿಸ್ ಆಗಲೋ, ಇಂಟರ್ನ್‌ಶಿಪ್‌ಗೆ ಹೋಗಲೋ, ಸಿಕ್ಕ ಕೆಲಸಕ್ಕೆ ಸೇರಲೋ?

ಓದು ಮುಗಿಸಿ ಕೆಲಸ ಸಿಗದೆ ಕೂತವರಿಗಾಗಿ ಸರ್ಕಾರವೂ ಕಂಪನಿಗಳೂ ಸೇರಿ ನಡೆಸುತ್ತಿರುವ ದಾರಿಗಳು ಈಗ ಒಂದೆರಡಲ್ಲ. ಕಂಪನಿಯಲ್ಲಿ ದುಡಿಯುತ್ತಲೇ ಕೆಲಸ ಕಲಿಯುವ ಅಪ್ರೆಂಟಿಸ್‌ಶಿಪ್ ಇದೆ, ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಅನುಭವ ಪಡೆಯುವ ಪಿಎಂ ಇಂಟರ್ನ್‌ಶಿಪ್ ಇದೆ, ಊಟ ವಸತಿ ಕೊಟ್ಟು ಕೆಲಸ ಕಲಿಸುವ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ಉಪಕರಣ, ಅಚ್ಚು ಮಾಡುವುದನ್ನು ಕಲಿಸುವ ಜಿಟಿಟಿಸಿಯಂಥ ಸಂಸ್ಥೆಗಳಿವೆ. ಹೊಸಬರನ್ನು ಸೇರಿಸಿಕೊಂಡ ಮಾಲೀಕರಿಗೆ ಕೇಂದ್ರ ಸರ್ಕಾರವೇ ಪ್ರೋತ್ಸಾಹಧನ ಕೊಡುವ ಯೋಜನೆಯೂ 2025ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಹೆಸರುಗಳೆಲ್ಲ ಹೆಚ್ಚೂಕಡಿಮೆ ಒಂದೇ ಥರ ಕೇಳಿಸುತ್ತವೆ. ಒಳಗೆ ಹೋಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಬಹಳಷ್ಟು ಜನ ಮೊದಲು ಕೇಳುವುದು "ತಿಂಗಳಿಗೆ ಎಷ್ಟು ಕೊಡುತ್ತಾರೆ?" ಎಂದು. ಕೇಳಬೇಕಾದ್ದೇ. ಆದರೆ ಅದರ ಬೆನ್ನಿಗೇ ಇನ್ನೊಂದನ್ನೂ ಕೇಳಬೇಕು: ಆ ದುಡ್ಡಿನಲ್ಲಿ ಕಂಪನಿಯ ಜೇಬಿನಿಂದ ಬರುವುದೆಷ್ಟು, ಸರ್ಕಾರದ್ದೆಷ್ಟು? ನಿಮ್ಮ ಮೇಲೆ ತನ್ನದೇ ದುಡ್ಡು ಹಾಕಿದ ಕಂಪನಿ ನಿಮಗೆ ಕೆಲಸ ಕಲಿಸಲು ತಲೆ ಕೆಡಿಸಿಕೊಳ್ಳುತ್ತದೆ, ಕಲಿತವರನ್ನು ಉಳಿಸಿಕೊಳ್ಳಲೂ ಯೋಚಿಸುತ್ತದೆ. ಪುಕ್ಕಟೆ ಬಂದ ಕೈಗೆ ಫೈಲ್ ಜೋಡಿಸುವ ಕೆಲಸ ಹಚ್ಚಿ ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು. ಈ ಮಾತಿಗೆ ಅಪವಾದಗಳಿವೆ. ಆದರೂ ಒಂದು ದಾರಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಯಾರ ಜೇಬಿನಿಂದ ಎಷ್ಟು

ಪಿಎಂ ಇಂಟರ್ನ್‌ಶಿಪ್‌ನ 2024ರ ಪೈಲಟ್ (ಪ್ರಾಯೋಗಿಕ ಹಂತದ) ನಿಯಮದಲ್ಲಿ ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಮಾತ್ರ ಕಂಪನಿಯದ್ದು. ಆ 500 ಕೂಡ ಕಾನೂನಿನ ಪ್ರಕಾರ ಹೇಗೂ ಖರ್ಚು ಮಾಡಲೇಬೇಕಾದ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣದಿಂದ.

ಅಪ್ರೆಂಟಿಸ್‌ಶಿಪ್‌ನಲ್ಲಿ ಲೆಕ್ಕ ತಿರುಗುಮುರುಗು. ಐಟಿಐ ಮತ್ತು ಅದಕ್ಕಿಂತ ಕಡಿಮೆ ಓದಿದವರಿಗಿರುವ 'ನ್ಯಾಪ್ಸ್' ಯೋಜನೆಯಲ್ಲಿ ಕೇಂದ್ರ ಕೊಡುವುದು ಸ್ಟೈಪೆಂಡಿನ (ತರಬೇತಿಯ ಕಾಲದ ತಿಂಗಳ ಭತ್ಯೆಯ) ಶೇ 25, ಅದೂ ತಿಂಗಳಿಗೆ 1,500 ರೂಪಾಯಿ ಮೀರದಂತೆ. 7,000 ಸ್ಟೈಪೆಂಡ್ ಇದ್ದರೆ 5,500 ಕಂಪನಿಯೇ ಕೊಡಬೇಕು. ಡಿಪ್ಲೊಮಾ, ಪದವಿ ಆದವರಿಗಿರುವ 'ನ್ಯಾಟ್ಸ್' ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಕೇಂದ್ರದ್ದು, ಅರ್ಧ ಕಂಪನಿಯದ್ದು.

ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿಯ ಪೂರ್ತಿ ಖರ್ಚು ಸರ್ಕಾರದ್ದು. ನಡುವೆ ತರಬೇತಿ ಸಂಸ್ಥೆಯೊಂದು ಇರುತ್ತದೆ, ಕಂಪನಿ ಕಾಣಿಸಿಕೊಳ್ಳುವುದು ಕೊನೆಯಲ್ಲಿ ಮಾತ್ರ. ನೇರ ಕೆಲಸದಲ್ಲಿ ಸಂಬಳ ಪೂರ್ತಿ ಕಂಪನಿಯದ್ದು, ಸರ್ಕಾರದಿಂದ ಅದಕ್ಕೆ ಸಣ್ಣ ಪ್ರೋತ್ಸಾಹಧನ.

ಅಪ್ರೆಂಟಿಸ್‌ಶಿಪ್: ಐಟಿಐ ಮಾಡಿದವರ ಮೊದಲ ಆಯ್ಕೆ

ಅಪ್ರೆಂಟಿಸ್ ಕಾಯ್ದೆ 1961ರದ್ದು. ಗುತ್ತಿಗೆಯವರನ್ನೂ ಸೇರಿಸಿ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಎಂಬುದು 2019ರಲ್ಲಿ ತಿದ್ದಿದ ನಿಯಮ. ಅಂದರೆ ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇರುವ ಮಧ್ಯಮ ಗಾತ್ರದ ಕಾರ್ಖಾನೆಗೂ ಇದು ಅನ್ವಯ. ಎಚ್‌ಎಎಲ್, ಬಿಇಎಲ್‌ಗಳಿಗೆ ಮಾತ್ರ ಅಂದುಕೊಂಡು ಊರ ಪಕ್ಕದ ಫ್ಯಾಕ್ಟರಿಯ ಗೇಟಿನಲ್ಲಿ ವಿಚಾರಿಸದೆ ಇರುವವರೇ ಹೆಚ್ಚು.

2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ. ಎಸ್ಸೆಸ್ಸೆಲ್ಸಿ ಆದವರಿಗೆ 6,000, ಐಟಿಐಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000. ಸಾರ್ವಜನಿಕ ಉದ್ದಿಮೆಗಳ ಪ್ರಕಟಣೆಗಳಲ್ಲಿ 7,700 ಅಥವಾ 8,050 ಎಂದು ಕಂಡರೆ ಗೊಂದಲ ಬೇಡ. ಒಂದು ವರ್ಷದ ಐಟಿಐ, ಎರಡು ವರ್ಷದ ಐಟಿಐ ಎಂಬ ವ್ಯತ್ಯಾಸದಿಂದ ಬಂದ ಅಂಕಿಗಳು ಅವು. ಈ ಮೊತ್ತವನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿತು. ಹಾಗಾಗಿ ಸಹಿ ಹಾಕುವ ಹೊತ್ತಿಗೆ ಯಾವ ದರ ಜಾರಿಯಲ್ಲಿದೆ ಎಂದು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಇದು ಕನಿಷ್ಠ ಮಿತಿ ಮಾತ್ರ, ಹೆಚ್ಚು ಕೊಡುವ ಕಂಪನಿಗಳೂ ಇವೆ.

ಇನ್ನು ಇದರ ಕಹಿ ಭಾಗ. ಅಪ್ರೆಂಟಿಸ್ ಎಂದರೆ ಕಾನೂನಿನ ಕಣ್ಣಲ್ಲಿ ಕಾರ್ಮಿಕ ಅಲ್ಲ, ತರಬೇತಿ ಪಡೆಯುವವ. ಪಿಎಫ್ ಇಲ್ಲ, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಇಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಮಾಲೀಕರಿಗಿಲ್ಲ. 2014ರ ತಿದ್ದುಪಡಿ ಹೇಳಿದ್ದು ಇಷ್ಟೇ: ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೊಂದು ನೀತಿ ಮಾಡಿಟ್ಟುಕೊಳ್ಳಬೇಕು. ಆ ನೀತಿ ಏನೆಂದು ಕೇಳುವ ಹಕ್ಕು ನಿಮಗಿದೆ, ಯಾರೂ ಕೇಳುವುದಿಲ್ಲ ಅಷ್ಟೆ. "ಹೋದ ಬ್ಯಾಚಿನವರಲ್ಲಿ ಎಷ್ಟು ಜನರನ್ನು ಇಟ್ಟುಕೊಂಡಿರಿ?" ಎಂಬ ಒಂದು ಪ್ರಶ್ನೆಗೆ ಎಚ್‌ಆರ್‌ನವರು ಸರಾಗವಾಗಿ ಉತ್ತರ ಕೊಡುತ್ತಾರೋ ತಡವರಿಸುತ್ತಾರೋ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಕಾರ್ಮಿಕ ಅಲ್ಲ ಎಂದ ಮಾತ್ರಕ್ಕೆ ಪೂರ್ತಿ ಅನಾಥರೂ ಅಲ್ಲ. ತರಬೇತಿಯ ಹೊತ್ತಿನಲ್ಲಿ ಕೈಗೋ ಕಣ್ಣಿಗೋ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ ಎಂದು ಕಾಯ್ದೆಯಲ್ಲಿದೆ. ಆಯಾ ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳು 10ನೇ ತಾರೀಕಿನೊಳಗೆ ಬರಬೇಕೆಂದೂ ನಿಯಮವಿದೆ.

ಹಾಗಾದರೆ ಇದನ್ನು ಮೊದಲ ಆಯ್ಕೆ ಎನ್ನಲು ಕಾರಣವೇನು? ಕೊನೆಯಲ್ಲಿ ಕೈಗೆ ಬರುವ ಕಾಗದ. ನಿಗದಿತ ಟ್ರೇಡುಗಳಲ್ಲಿ, ಅಂದರೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮೊದಲಾದವುಗಳಲ್ಲಿ, ತರಬೇತಿ ಮುಗಿಸಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಐಟಿಐ ಹುಡುಗರ ಬಾಯಲ್ಲಿ ಇದು 'ಎನ್‌ಎಸಿ'. ಈ ಕಂಪನಿ ಇಟ್ಟುಕೊಳ್ಳದಿದ್ದರೂ ದೇಶದ ಬೇರೆಲ್ಲೇ ಹೋದರೂ ಅದಕ್ಕೆ ಬೆಲೆಯಿದೆ. ರೈಲ್ವೆಯಲ್ಲಿಯೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಮೊದಲ ಹಂತದ) ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20 ಮೀಸಲು ಇದೆ. ನೈಋತ್ಯ ರೈಲ್ವೆಗೆ ಹುಬ್ಬಳ್ಳಿ ಮತ್ತು ಮೈಸೂರಿನಲ್ಲಿ ವರ್ಕ್‌ಶಾಪ್‌ಗಳಿವೆ. ಅಲ್ಲಿ ಪ್ರವೇಶ ಪರೀಕ್ಷೆ ಇರುವುದಿಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಪಟ್ಟಿ ಮಾಡುತ್ತಾರೆ. 24 ವರ್ಷ ದಾಟುವ ಮುಂಚೆ ಅರ್ಜಿ ಹಾಕಬೇಕು. ಮೀಸಲಾತಿ ಇರುವವರಿಗೆ ವಯಸ್ಸಿನಲ್ಲಿ ಸಡಿಲಿಕೆ ಉಂಟು.

ಒಂದು ಎಚ್ಚರ. 2014ರ ನಂತರ 'ಐಚ್ಛಿಕ ಟ್ರೇಡ್' ಎಂಬ ಇನ್ನೊಂದು ಬಗೆ ಬಂದಿದೆ, ಅದರ ಪಠ್ಯವನ್ನು ಕಂಪನಿಯೇ ರೂಪಿಸಬಹುದು. ಅಂಗಡಿ ಮಾರಾಟ, ಗೋದಾಮು, ಹೋಟೆಲ್ ಇಂಥ ಕಡೆಗಳಲ್ಲಿ ಇದೇ ಹೆಚ್ಚು. ಕೆಟ್ಟದ್ದೇನಲ್ಲ, ಆದರೆ ಎನ್‌ಎಸಿ ಬೇಕೆನ್ನುವ ಸರ್ಕಾರಿ ನೇಮಕಾತಿಗೆ ಅದನ್ನು ಒಯ್ದರೆ ನಡೆಯದೇ ಹೋಗಬಹುದು. ಸಹಿ ಹಾಕುವ ಮುನ್ನ ಟ್ರೇಡ್ ಯಾವ ಬಗೆಯದು ಎಂದು ಕೇಳಿ. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಅದರ ಸಂಖ್ಯೆ ಬಂದಿದೆಯೋ ನೋಡಿ. ಸಂಖ್ಯೆ ಇಲ್ಲದ ಅಪ್ರೆಂಟಿಸ್ ಅಂದರೆ ಕಡಿಮೆ ಸಂಬಳದ ಕೂಲಿ, ಅದಕ್ಕೆ ಬೇರೆ ಹೆಸರಿಲ್ಲ.

ಬಿಎ, ಬಿಕಾಂ, ಬಿಎಸ್ಸಿ ಆದವರು "ಇದು ಎಂಜಿನಿಯರಿಂಗ್‌ನವರಿಗೆ" ಎಂದು ಪಕ್ಕಕ್ಕೆ ಸರಿಯುವುದುಂಟು. ನ್ಯಾಟ್ಸ್ ಈಗ ಅವರಿಗೂ ತೆರೆದಿದೆ. ಬ್ಯಾಂಕುಗಳೂ ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯುತ್ತವೆ. ಇನ್ನೂ ಪದವಿಗೆ ಸೇರುವ ಹಂತದಲ್ಲಿ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ, ಅಪ್ರೆಂಟಿಸ್‌ಶಿಪ್ ಪಠ್ಯದೊಳಗೇ ಸೇರಿರುವ ಪದವಿ ಕೋರ್ಸುಗಳು ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶುರುವಾಗಿವೆ ಎಂಬುದನ್ನು ಅವರ ಕಿವಿಗೆ ಹಾಕಿ.

ಪಿಎಂ ಇಂಟರ್ನ್‌ಶಿಪ್: ದೊಡ್ಡ ಹೆಸರು, ಸಣ್ಣ ಹಿಡಿತ

2024ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದದ್ದು: ಐದು ವರ್ಷದಲ್ಲಿ 1 ಕೋಟಿ ಯುವಕರಿಗೆ ದೇಶದ 500 ಅಗ್ರ ಕಂಪನಿಗಳಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಪೈಲಟ್ ಶುರುವಾದದ್ದು ಅದೇ ಅಕ್ಟೋಬರ್‌ನಲ್ಲಿ. ವಯಸ್ಸು 21ರಿಂದ 24, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ, ಮನೆಯಲ್ಲಿ ಯಾರೂ ಸರ್ಕಾರಿ ನೌಕರಿಯಲ್ಲಿ ಇರಬಾರದು ಎಂಬುವು ಪೈಲಟ್‌ನ ಮುಖ್ಯ ಷರತ್ತುಗಳು. ತಿಂಗಳ 5,000ದ ಜೊತೆಗೆ ಒಂದು ಸಲದ 6,000, ಎರಡು ವಿಮೆ.

ಮೊದಲ ಸುತ್ತಿನಲ್ಲಿ ಆದದ್ದೇನು? ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಫರ್ ಕೊಟ್ಟವು, ಒಪ್ಪಿಕೊಂಡವರು 28 ಸಾವಿರದಷ್ಟು, ಕೊನೆಗೆ ಹೋಗಿ ಸೇರಿದವರು 9 ಸಾವಿರದೊಳಗೆ. ಯುವಕರಿಗೆ ಆಸೆ ಇಲ್ಲವೆಂದಲ್ಲ. ಸಿಂಧನೂರಿನ ಹುಡುಗನಿಗೆ ಬೇರೆ ರಾಜ್ಯದ ಘಟಕದಲ್ಲಿ ಜಾಗ ಸಿಕ್ಕರೆ, ತಿಂಗಳಿಗೆ 5,000ದಲ್ಲಿ ಬಾಡಿಗೆ ಕಟ್ಟಿ, ಊಟ ಮಾಡಿ, ಹಬ್ಬಕ್ಕೆ ಊರಿಗೆ ಬರುವುದು ಆಗದ ಮಾತು. ಇದು ಯಾವ ಸಮೀಕ್ಷೆಯೂ ಹೇಳಬೇಕಾದ ವಿಷಯವಲ್ಲ, ಸಾದಾ ಕೂಡು-ಕಳೆ.

ಹಾಗೆಂದು ತಳ್ಳಿಹಾಕುವುದೂ ಬೇಡ. ಬಿಕಾಂ, ಬಿಬಿಎ ಮಾಡಿದವರಿಗೆ, ಐಟಿಐನಂಥ ಕೈಕೆಲಸದ ಪ್ರಮಾಣಪತ್ರ ಇಲ್ಲದವರಿಗೆ, ಮನೆಯಿಂದಲೇ ಓಡಾಡುವ ದೂರದಲ್ಲಿ ಜಾಗ ಸಿಕ್ಕರೆ ಒಳ್ಳೆಯದೇ. ಬಯೋಡೇಟಾದಲ್ಲಿ ದೊಡ್ಡ ಕಂಪನಿಯ ಹೆಸರು ಕೂರುತ್ತದೆ. ಅವಧಿಯ ಅರ್ಧದಷ್ಟಾದರೂ ತರಗತಿಯಲ್ಲಲ್ಲ, ನಿಜವಾದ ಕೆಲಸದ ಜಾಗದಲ್ಲಿ ಕಳೆಯಬೇಕು ಎಂಬ ನಿಯಮವನ್ನು ನೆನಪಿಟ್ಟುಕೊಂಡು ಹೋಗಿ. ಮೂಲೆಯಲ್ಲಿ ಕೂರಿಸಿದರೆ ಮರ್ಯಾದೆಯಿಂದಲೇ ಕೇಳಬಹುದು.

ಗ್ರಾಮೀಣ ಕೌಶಲ್ಯ ಯೋಜನೆ

ಇದು 2014ರಲ್ಲಿ ಶುರುವಾದದ್ದು, ಹಳ್ಳಿಯ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ. ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ 45ರವರೆಗೂ ಅವಕಾಶ. ಬಿಪಿಎಲ್ ಕಾರ್ಡ್ ಇರುವ ಮನೆ, ಸ್ವಸಹಾಯ ಸಂಘದ ಸದಸ್ಯರ ಮನೆ, ಉದ್ಯೋಗ ಖಾತ್ರಿಯಲ್ಲಿ 15 ದಿನ ಕೆಲಸ ಮಾಡಿದವರ ಮನೆ, ಯಾವುದಾದರೂ ಒಂದು ಆಗಿದ್ದರೆ ಸಾಕು. ತರಬೇತಿ, ಊಟ, ವಸತಿ, ಸಮವಸ್ತ್ರ ಎಲ್ಲ ಉಚಿತ.

ತರಬೇತಿ ಪಡೆದವರಲ್ಲಿ ಕನಿಷ್ಠ ಶೇ 70 ಜನರನ್ನು ಕೆಲಸಕ್ಕೆ ಹಚ್ಚಬೇಕು ಎಂಬುದು ತರಬೇತಿ ಸಂಸ್ಥೆಗಿರುವ ಷರತ್ತು, ಅದಕ್ಕೆ ಬರುವ ಕಂತಿನ ಹಣಕ್ಕೂ ಇದಕ್ಕೂ ಗಂಟು ಹಾಕಿದ್ದಾರೆ. ಕೆಲಸ ಸಿಕ್ಕಿತು ಎಂದು ಲೆಕ್ಕಕ್ಕೆ ಹಿಡಿಯಲು ಮೂರು ತಿಂಗಳು ನಿರಂತರವಾಗಿ ಕೆಲಸ ಮಾಡಿದ ಸಂಬಳದ ಚೀಟಿ ಬೇಕು. ಇದರ ಒಳ್ಳೆಯ ಮುಖ ಏನೆಂದರೆ ನಿಮ್ಮನ್ನು ಎಲ್ಲಾದರೂ ಸೇರಿಸಲು ಸಂಸ್ಥೆಯವರು ನಿಜಕ್ಕೂ ಓಡಾಡುತ್ತಾರೆ. ಇನ್ನೊಂದು ಮುಖ, ಆ 'ಎಲ್ಲಾದರೂ' ನಿಮಗೆ ಹಿಡಿಸುವ ಜಾಗವೇ ಆಗಬೇಕೆಂದಿಲ್ಲ. ಮೂರು ತಿಂಗಳು ದಾಟಿದ ಮೇಲೆ ಫೋನ್ ಎತ್ತುವವರೂ ಕಡಿಮೆಯಾಗುತ್ತಾರೆ. ನನ್ನ ಅಳತೆಗೋಲಿನಲ್ಲಿ ಇಲ್ಲಿ ಕಂಪನಿಯ ದುಡ್ಡು ಸೊನ್ನೆ, ಆದರೆ ನಡುವಿನವರ ದುಡ್ಡು ಪಣಕ್ಕಿದೆ. ಅದಕ್ಕಾಗಿ ಸೇರುವ ಮೊದಲೇ "ಈ ಬ್ಯಾಚಿನವರನ್ನು ಯಾವ ಊರಿಗೆ, ಯಾವ ಕಂಪನಿಗೆ ಕಳಿಸುತ್ತೀರಿ?" ಎಂದು ಕೇಳಿ. ಕಲಬುರಗಿ, ರಾಯಚೂರು ಕಡೆಯ ಹೆಣ್ಣುಮಕ್ಕಳನ್ನು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಕಳಿಸುವುದಾದರೆ ಹಾಸ್ಟೆಲ್ ಇದೆಯೇ, ಬಾಡಿಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಯೇ ಎಂಬುದೂ ಗೊತ್ತಿರಬೇಕು. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ 1,000 ರೂಪಾಯಿಯ ನೆರವು ಉಂಟು: ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗೆ ಮೂರು, ಹೊರರಾಜ್ಯಕ್ಕೆ ಹೋದರೆ ಆರು. ಇದನ್ನು ತಾವಾಗಿ ಹೇಳುವವರು ಅಪರೂಪ, ನೀವೇ ಕೇಳಿ ಪಡೆಯಿರಿ.

ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಬಾಗಿಲು ಇನ್ನೊಂದಿಲ್ಲ.

ಜಿಟಿಟಿಸಿ: ಕಾಯುವ ಶಕ್ತಿ ಇದ್ದವರಿಗೆ

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಂಬ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಿದರೆ ಮೂರು ವರ್ಷ ಸಂಸ್ಥೆಯಲ್ಲಿ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕಲಿಕೆ. ಫೀ ಕಟ್ಟಬೇಕು. ಅಚ್ಚು ಮಾಡುವ ಕೈ ಪಳಗಿದವರಿಗೆ ಕೆಲಸ ಹುಡುಕುವ ಕಷ್ಟ ಕಡಿಮೆ. ಆದರೆ 23 ವರ್ಷವಾಗಿ ಮನೆಗೆ ಈಗಲೇ ದುಡ್ಡು ಕೊಡಬೇಕಾದವರಿಗೆ ಈ ದಾರಿ ಅಲ್ಲ. ಬಿಡದಿಯಲ್ಲಿ ಟೊಯೊಟಾ 2007ರಿಂದ ನಡೆಸುತ್ತಿರುವ ತರಬೇತಿ ಸಂಸ್ಥೆಯೂ ಎಸ್ಸೆಸ್ಸೆಲ್ಸಿ ಆದ ಮಕ್ಕಳಿಗೇ. ಅಲ್ಲಿ ಖರ್ಚೆಲ್ಲ ಕಂಪನಿಯದ್ದು. ನನ್ನ ಅಳತೆಗೋಲಿನ ಇನ್ನೊಂದು ತುದಿ ಅದು.

ನೇರ ಕೆಲಸ, ಮೇಲೆ ಸರ್ಕಾರದ 15,000

ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೃಷ್ಟಿಯಾಗುವ ಕೆಲಸಗಳಿಗೆ. ಮೊದಲ ಸಲ ಪಿಎಫ್ ಖಾತೆ ಆಗುವವರಿಗೆ ಒಂದು ತಿಂಗಳ ಪಿಎಫ್ ವೇತನದಷ್ಟು (ಪಿಎಫ್ ಕಡಿತದ ಲೆಕ್ಕಕ್ಕೆ ಹಿಡಿಯುವ ಸಂಬಳ), ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಆರು ತಿಂಗಳ ಮೇಲೆ. ಎರಡನೆಯದು ಹನ್ನೆರಡು ತಿಂಗಳ ಮೇಲೆ, ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದವರಿಗೆ. ಮಾಲೀಕರಿಗೆ ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿಯೊಬ್ಬರ ಲೆಕ್ಕದಲ್ಲಿ ತಿಂಗಳಿಗೆ 3,000ದವರೆಗೆ ಎರಡು ವರ್ಷ, ತಯಾರಿಕಾ ವಲಯದಲ್ಲಿ ನಾಲ್ಕು ವರ್ಷ.

ಈ 3,000 ನೋಡಿ ಮಾಲೀಕರು ಹೊಸಬರನ್ನು ಸುಮ್ಮನೆ ತುಂಬಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ, ಸಂಬಳದ ಮುಂದೆ ಅದು ಸಣ್ಣ ಮೊತ್ತ. ಬೇಕಾಗಿದ್ದ ಕೈಯನ್ನು ಲೆಕ್ಕಕ್ಕೆ ತಂದು ಪಿಎಫ್ ಕಟ್ಟಲು ಪ್ರೇರಣೆ ಆಗಬಹುದು. ನಿಮಗೆ ಅದೇ ಲಾಭ. ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳುವುದನ್ನು ಮುಂದೂಡಬೇಡಿ. "ಪಿಎಫ್ ಬೇಡ, ಕೈಗೆ 1,000 ಜಾಸ್ತಿ ಕೊಡುತ್ತೇನೆ" ಎನ್ನುವವರು ಸಿಕ್ಕಾರು. ಒಪ್ಪಿದರೆ 15,000ವೂ ಹೋಯಿತು, ಮುಂದಿನ ಪಿಂಚಣಿಯ ಲೆಕ್ಕವೂ ಹೋಯಿತು.

ಯಾವುದು ಮೊದಲು, ಯಾವುದು ಆಮೇಲೆ

ದಾರಿ ಆರಿಸುವಷ್ಟೇ ಮುಖ್ಯ ಅದರ ಅನುಕ್ರಮ. ನ್ಯಾಪ್ಸ್ ಅಥವಾ ನ್ಯಾಟ್ಸ್‌ನಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಪಿಎಂ ಇಂಟರ್ನ್‌ಶಿಪ್‌ನ ಪೈಲಟ್ ನಿಯಮದಲ್ಲಿ ಜಾಗವಿಲ್ಲ. ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದವರನ್ನು ನ್ಯಾಟ್ಸ್ ತೆಗೆದುಕೊಳ್ಳುವುದಿಲ್ಲ. ಅಂದರೆ ಡಿಪ್ಲೊಮಾ ಆದ ಕೂಡಲೇ ಯಾವುದೋ ಸಣ್ಣ ಕೆಲಸಕ್ಕೆ ಸೇರಿ ವರ್ಷ ಕಳೆದರೆ ಬಿಇಎಲ್‌ನ ಅಪ್ರೆಂಟಿಸ್ ಬಾಗಿಲು ಮುಚ್ಚುತ್ತದೆ. ಇನ್ನೊಂದು ಕಡೆ, ಕಾಯ್ದೆಯಡಿಯ ಅಪ್ರೆಂಟಿಸ್‌ಗೆ ಪಿಎಫ್ ಇಲ್ಲದ್ದು ಇಲ್ಲಿ ಅನುಕೂಲವೇ. ಮುಗಿಸಿ ಕೆಲಸಕ್ಕೆ ಸೇರುವಾಗ ನೀವು ಇನ್ನೂ 'ಮೊದಲ ಸಲದವರು', 15,000ಕ್ಕೆ ಅರ್ಹರಾಗಿಯೇ ಇರುತ್ತೀರಿ. ಓದುವಾಗ ಬಿಡುವಿನಲ್ಲಿ ಗೋದಾಮಿನಲ್ಲೋ ಡೆಲಿವರಿಯಲ್ಲೋ ದುಡಿದು ಪಿಎಫ್ ಕಟ್ಟಿಸಿಕೊಂಡವರು ತಮ್ಮ ಹಳೆಯ ಯುಎಎನ್ ಒಮ್ಮೆ ನೋಡಿಕೊಳ್ಳಲಿ.

ನನ್ನನ್ನು ಕೇಳಿದರೆ: ಐಟಿಐ, ಡಿಪ್ಲೊಮಾದವರು ಅಪ್ರೆಂಟಿಸ್ ಮುಗಿಸಿ ಆಮೇಲೆ ಕೆಲಸ. ಪದವೀಧರರು ಮೊದಲು ನ್ಯಾಟ್ಸ್‌ಗೆ ಪ್ರಯತ್ನಿಸಿ, ಸಿಗದಿದ್ದರೆ ಹತ್ತಿರದ ಊರಲ್ಲಿ ಮಾತ್ರ ಪಿಎಂ ಇಂಟರ್ನ್‌ಶಿಪ್. ಮನೆಯ ಸಾಲ ತಲೆಯ ಮೇಲಿದ್ದರೆ ಈ ಯಾವ ಲೆಕ್ಕವೂ ಬೇಡ, ಪಿಎಫ್ ಇರುವ ಕೆಲಸಕ್ಕೆ ಸೇರಿ.

ಉದ್ಯೋಗ ಮೇಳಕ್ಕೆ ಹೋದಾಗ ಕೇಳಬೇಕಾದ್ದು ಎರಡೇ. ಸಂಬಳ ಕೊಡುವುದು ಬ್ಯಾನರ್ ಮೇಲಿರುವ ಕಂಪನಿಯೋ, ಏಜೆನ್ಸಿಯೋ? ಆಫರ್ ಲೆಟರ್ ಕೊಡುತ್ತೀರಾ, ಬರೀ ಫೋನ್ ಮಾಡುತ್ತೇವೆ ಎನ್ನುತ್ತೀರಾ? ಯಾವ ಹೆಸರಿನಲ್ಲಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ಸ್ಟೈಪೆಂಡ್ ಬರುತ್ತಿದ್ದರೆ, ಕೆಲಸ ಸಿಕ್ಕರೆ, ಮುಂದೆ ಓದಲು ಸೇರಿದರೆ ಅದು ನಿಲ್ಲುತ್ತದೆ. ಅದನ್ನು ಕಳೆದುಕೊಳ್ಳಬಾರದೆಂದು 9,000ದ ಅಪ್ರೆಂಟಿಸ್ ಬಿಡುವವರೂ ಇದ್ದಾರೆ. ವರ್ಷಕ್ಕೆ ಒಂದು ಕಡೆ 36,000, ಇನ್ನೊಂದು ಕಡೆ 1,08,000. ಸೇರಿದ ಮೇಲೆ ನಿರುದ್ಯೋಗಿ ಎಂಬ ಸ್ವಯಂಘೋಷಣೆ ಕೊಡುವುದನ್ನು ನಿಲ್ಲಿಸಿ, ಸೇವಾಸಿಂಧುವಿನಲ್ಲಿ ವಿಷಯ ತಿಳಿಸಿ.